ಶಾಲೆಯ ಸುದ್ದಿ ರೇಡಿಯೋದಲ್ಲಿ ಕೇಳಬೇಕಾದರೆ: ದಾವಣಗೆರೆ, ಚಿತ್ರದುರ್ಗದ ಶಾಲಾ ಪ್ರಚಾರ ಉಸ್ತುವಾರಿಗಳಿಗೆ ಮಾರ್ಗದರ್ಶಿ

ದಾವಣಗೆರೆಯ ಒಂದು ವಿದ್ಯಾಸಂಸ್ಥೆಯಲ್ಲಿ ಪ್ರಚಾರದ ಉಸ್ತುವಾರಿ ನನ್ನ ಪಾಲಿಗೆ ಬಂದ ಹೊಸದರಲ್ಲಿ, ಶಾಲೆಯ ವಿಜ್ಞಾನ ವಸ್ತುಪ್ರದರ್ಶನದ ವರದಿಯನ್ನು ಪತ್ರಿಕೆಗಳಿಗೆ ಕಳುಹಿಸಿದ ಹಾಗೆಯೇ ಆಕಾಶವಾಣಿಯ ಬಾತ್ಮಿದಾರರಿಗೂ, ಅಂದರೆ ಜಿಲ್ಲೆಯ ವರದಿಗಾರರಿಗೂ, ಕಳುಹಿಸಿದ್ದೆ. ಮೂರು ಪುಟದ ಪ್ರಕಟಣೆಯ ಜೊತೆಗೆ ವೇದಿಕೆಯ ಮೇಲಿದ್ದ ಗಣ್ಯರ ಆರು ಫೋಟೊಗಳಿದ್ದವು. ಸಂಜೆ ಅವರ ಕರೆ ಬಂತು. "ಸರ್, ಫೋಟೊ ಚೆನ್ನಾಗಿ ಬಂದಾವೆ. ಆದ್ರೆ ನಮ್ಮ ರೇಡಿಯೋಗೆ ಕಣ್ಣಿಲ್ಲ ನೋಡ್ರಿ. ಯಾರದಾದ್ರೂ ಒಂದು ಮಾತು ಕೊಡ್ಸಿ, ಹದಿನೈದು ಸೆಕೆಂಡ್ ಸಾಕು" ಎಂದರು. ಮುಖ್ಯೋಪಾಧ್ಯಾಯರು ಹರಿಹರದಲ್ಲಿ ಮದುವೆಯೊಂದರ ಊಟದ ಪಂಕ್ತಿಯಲ್ಲಿದ್ದರು, ಫೋನಿನಲ್ಲಿ ವಾಲಗದ ಸದ್ದೇ ಹೆಚ್ಚು ಕೇಳುತ್ತಿತ್ತು. ಮಾದರಿ ತಯಾರಿಸಿದ ಹುಡುಗಿ ಆಗಲೇ ಊರಿನ ಬಸ್ಸು ಹತ್ತಿಯಾಗಿತ್ತು. ಸುದ್ದಿ ಪ್ರಸಾರವಾಗಲಿಲ್ಲ, ಮತ್ತು ಅದರ ತಪ್ಪು ಪೂರ್ತಿಯಾಗಿ ನನ್ನದೇ ಆಗಿತ್ತು.

ನಮ್ಮ ಭಾಗದ ಶಾಲೆಗಳಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿ ಎಂಬ ಹುದ್ದೆ ಇರುವುದು ಅಪರೂಪ. ಚಿತ್ರಕಲಾ ಶಿಕ್ಷಕರೋ, ಕನ್ನಡ ಮೇಷ್ಟ್ರೋ, ಕಚೇರಿಯ ಕಂಪ್ಯೂಟರ್ ಆಪರೇಟರೋ ತಮ್ಮ ಕೆಲಸದ ನಡುವೆ ಇದನ್ನೂ ನಿಭಾಯಿಸುತ್ತಾರೆ. ಅಂಥವರಿಗಾಗಿಯೇ ಈ ಬರಹ. ಪತ್ರಿಕೆಗೆ ಸುದ್ದಿ ಕಳುಹಿಸುವ ಕ್ರಮ ಬಹುತೇಕರಿಗೆ ಗೊತ್ತಿದೆ. ರೇಡಿಯೋದ ವಿಷಯದಲ್ಲಿ ಎಡವುವುದು ಎರಡೇ ಕಡೆ: ಬೇಕಾದ ಹೊತ್ತಿಗೆ ಮಾತನಾಡುವ ವ್ಯಕ್ತಿ ಸಿಗುವುದಿಲ್ಲ, ಸಿಕ್ಕರೂ ಕೇಳುವಂಥ ಮಾತು ಸಿಗುವುದಿಲ್ಲ. ಮುಂದಿನ ಹಂತಗಳೆಲ್ಲ ಈ ಎರಡು ಕೊರತೆಗಳನ್ನು ಮೊದಲೇ ನೀಗಿಸಿಕೊಳ್ಳುವುದಕ್ಕೆ ಸಂಬಂಧಿಸಿದವು.

ಹಂತ 1: ಯಾವ ರೇಡಿಯೋ, ಯಾವ ವಿಭಾಗ ಎಂಬುದನ್ನು ತಿಳಿದುಕೊಳ್ಳಿ

ಚಿತ್ರದುರ್ಗದ ಆಕಾಶವಾಣಿ ನಿಲಯ 102.6 ಮೆಗಾಹರ್ಟ್ಸ್ ಎಫ್‌ಎಂ ಕಂಪನಾಂಕದಲ್ಲಿ ಪ್ರಸಾರ ಮಾಡುತ್ತದೆ. ಹೊನ್ನಾಳಿ, ಚನ್ನಗಿರಿ ಕಡೆಯ ಹಳೆಯ ಕೇಳುಗರಿಗೆ ಭದ್ರಾವತಿ ನಿಲಯವೂ ಮನೆಯ ರೇಡಿಯೋವೇ. ಆಕಾಶವಾಣಿಯ ಒಳಗೆ ವಾರ್ತಾ ವಿಭಾಗ ಮತ್ತು ಕಾರ್ಯಕ್ರಮ ವಿಭಾಗ ಎಂಬ ಎರಡು ಬೇರೆ ಬೇರೆ ಮನೆಗಳಿವೆ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ರಾಜ್ಯದ ಕನ್ನಡ ವಾರ್ತೆಯಾದ ಪ್ರದೇಶ ಸಮಾಚಾರಕ್ಕೆ ಜಿಲ್ಲೆಯ ಸುದ್ದಿ ಕಳುಹಿಸುವವರು ಅರೆಕಾಲಿಕ ಬಾತ್ಮಿದಾರರು. ಮಕ್ಕಳ ಕಾರ್ಯಕ್ರಮ, ಸಂದರ್ಶನ, ಭಾಷಣ, ಗಾಯನದಂಥವನ್ನು ನೋಡಿಕೊಳ್ಳುವವರು ನಿಲಯದ ಕಾರ್ಯಕ್ರಮ ವಿಭಾಗದವರು. ಬಾತ್ಮಿದಾರರಿಗೆ ಇವತ್ತಿನದು ಇವತ್ತೇ ಬೇಕು. ಕಾರ್ಯಕ್ರಮ ವಿಭಾಗದವರು ತಿಂಗಳುಗಳ ಮೊದಲೇ ಪಟ್ಟಿ ಸಿದ್ಧಪಡಿಸುತ್ತಾರೆ. ಆದ್ದರಿಂದ ನವೆಂಬರ್ 14ರ ಮಕ್ಕಳ ದಿನಾಚರಣೆಗೆ ನಿಮ್ಮ ಮಕ್ಕಳ ಸಮೂಹಗಾನ ಪ್ರಸಾರವಾಗಬೇಕೆಂಬ ಆಸೆಯಿದ್ದರೆ ಮಳೆಗಾಲದಲ್ಲೇ ಪತ್ರ ಬರೆಯಬೇಕು. ನವೆಂಬರ್ ಮೊದಲ ವಾರದಲ್ಲಿ ಹೋಗಿ ನಿಂತರೆ ಚಹಾ ಕುಡಿಸಿ ಕಳುಹಿಸುತ್ತಾರೆ, ಅಷ್ಟೇ.

ಖಾಸಗಿ ಎಫ್‌ಎಂ ವಾಹಿನಿಗಳ ವಿಷಯ ಬೇರೆ. ನಮ್ಮ ದೇಶದಲ್ಲಿ ಅವು ಸ್ವಂತ ವಾರ್ತೆ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆಯೇ ಮರುಪ್ರಸಾರ ಮಾಡಬಹುದು. ಹಾಗೆಂದು ಶಾಲೆಯವರು ಅವುಗಳನ್ನು ಕೈಬಿಡಬೇಕಾಗಿಲ್ಲ. 2011ರ ಎಫ್‌ಎಂ ನೀತಿಯ ಮೂರನೆಯ ಹಂತದಲ್ಲಿ ಪರೀಕ್ಷೆ, ಫಲಿತಾಂಶ, ದಾಖಲಾತಿ, ವೃತ್ತಿ ಮಾರ್ಗದರ್ಶನ, ಸಾಂಸ್ಕೃತಿಕ ಉತ್ಸವಗಳ ಮಾಹಿತಿಯನ್ನು ವಾರ್ತೆಯಲ್ಲವೆಂದು ಪರಿಗಣಿಸಿ ಅನುಮತಿ ಕೊಡಲಾಗಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ 1ರಲ್ಲಿ ಅನುತ್ತೀರ್ಣರಾದ ಮಕ್ಕಳಿಗೆ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಹೇಗಿದೆ ಎಂದು ವಿವರಿಸಬಲ್ಲ ಒಬ್ಬ ಅನುಭವಿ ಶಿಕ್ಷಕರು ನಿಮ್ಮಲ್ಲಿದ್ದರೆ, ಅದು ಆ ವಾಹಿನಿಗಳ ಕಾರ್ಯಕ್ರಮಕ್ಕೆ ಒಪ್ಪುವ ವಿಷಯ. ಸಮುದಾಯ ಬಾನುಲಿಗಳಿಗೂ ಸ್ವಂತ ವಾರ್ತೆಯ ಅವಕಾಶವಿಲ್ಲ, ಆದರೆ ಸುತ್ತಲಿನ ಹತ್ತು ಹದಿನೈದು ಕಿಲೋಮೀಟರಿನ ಜನರಿಗಾಗಿಯೇ ಅವು ಇರುವುದರಿಂದ ಮಕ್ಕಳಿಂದ ಮಾಡಿಸಿದ ಕಾರ್ಯಕ್ರಮಗಳನ್ನು ಸಂತೋಷದಿಂದ ತೆಗೆದುಕೊಳ್ಳುತ್ತವೆ.

ಹಂತ 2: ಮಾತನಾಡುವವರನ್ನು ಜೂನ್ ತಿಂಗಳಲ್ಲೇ ಗೊತ್ತು ಮಾಡಿ

ಶಾಲೆ ಆರಂಭವಾದ ವಾರದಲ್ಲೇ ಒಂದು ಹಾಳೆಯಲ್ಲಿ ಮೂವರ ಹೆಸರು ಬರೆದಿಟ್ಟುಕೊಳ್ಳಿ. ಶಾಲೆಯ ಆಡಳಿತದ ಬಗ್ಗೆ ಮಾತನಾಡುವವರು ಒಬ್ಬರು, ಪಾಠ ಪರೀಕ್ಷೆಗಳ ಬಗ್ಗೆ ಮಾತನಾಡುವವರು ಒಬ್ಬರು, ಇಬ್ಬರೂ ಸಿಗದಿದ್ದಾಗ ಮಾತನಾಡುವವರು ಇನ್ನೊಬ್ಬರು. ಪ್ರತಿಯೊಬ್ಬರ ಎರಡು ಫೋನ್ ಸಂಖ್ಯೆ, ಅವರ ತರಗತಿಯ ವೇಳೆ, ಪಾಠದ ನಡುವೆ ಕರೆಯಬಹುದೇ ಎಂಬುದೂ ಅದರಲ್ಲಿರಲಿ. ಸರ್ಕಾರಿ ಶಾಲೆಯವರಾದರೆ ಮೇಲಧಿಕಾರಿಗಳ ಅನುಮತಿಯಿಲ್ಲದೆ ಇಲಾಖೆಯ ನೀತಿಯ ಬಗ್ಗೆ ಮಾತನಾಡುವುದು ಸೇವಾ ನಿಯಮಕ್ಕೆ ಹೊಂದುವುದಿಲ್ಲ. ಯಾವ ವಿಷಯವನ್ನು ಮುಖ್ಯ ಶಿಕ್ಷಕರು ಹೇಳಬಹುದು, ಯಾವುದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಅಥವಾ ಉಪನಿರ್ದೇಶಕರನ್ನು ಕೇಳಬೇಕು ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ವರದಿಗಾರರು ಫೋನಿನಲ್ಲಿ ಕಾಯುತ್ತಿರುವಾಗ ಅನುಮತಿಗಾಗಿ ಓಡಾಡುವ ಸ್ಥಿತಿ ಬರಬಾರದು.

ಇಲ್ಲಿ ಒಂದು ಕಟುಮಾತು ಹೇಳಲೇಬೇಕು. ಸಂಸ್ಥೆಯ ಅಧ್ಯಕ್ಷರೇ ಮಾತನಾಡಬೇಕೆಂಬ ಹಟ ನಮ್ಮಲ್ಲಿ ಬಹಳ. ಅಧ್ಯಕ್ಷರ ಮಾತು "ಮೊಟ್ಟಮೊದಲನೆಯದಾಗಿ" ಎಂದು ಶುರುವಾದರೆ ವಿಷಯ ಬರುವುದರೊಳಗೆ ಒಂದು ನಿಮಿಷ ಕಳೆದಿರುತ್ತದೆ. ವಾರ್ತೆಯಲ್ಲಿ ಹಾಕುವ ಧ್ವನಿತುಣುಕು, ರೇಡಿಯೋದವರ ಮಾತಿನಲ್ಲಿ ಬೈಟ್, ಹತ್ತರಿಂದ ಇಪ್ಪತ್ತು ಸೆಕೆಂಡಿನದು. ಒಂದು ವಿಷಯವನ್ನು ಎರಡು ವಾಕ್ಯದಲ್ಲಿ ಮುಗಿಸಬಲ್ಲವರು ಯಾರೋ ಅವರೇ ನಿಮ್ಮ ವಕ್ತಾರರು, ಅವರು ದೈಹಿಕ ಶಿಕ್ಷಕರಾಗಿದ್ದರೂ ಸರಿ, ಬಿಸಿಯೂಟದ ಅಡುಗೆಯವರಾಗಿದ್ದರೂ ಸರಿ.

ಹಂತ 3: ಪ್ರಕಟಣೆಯನ್ನು ಕಿವಿಗೆ ಬರೆಯಿರಿ

ಪತ್ರಿಕೆ ಓದುವವರು ಅರ್ಥವಾಗದ ವಾಕ್ಯಕ್ಕೆ ಹಿಂದಿರುಗಿ ಹೋಗಬಹುದು. ರೇಡಿಯೋ ಕೇಳುವವರು ಒಲೆಯ ಮುಂದೆಯೋ, ಟ್ರ್ಯಾಕ್ಟರಿನ ಮೇಲೆಯೋ, ಜಗಳೂರಿನ ಬಸ್ಸಿನಲ್ಲೋ ಇರುತ್ತಾರೆ. ಒಮ್ಮೆ ತಪ್ಪಿದ ಮಾತು ತಪ್ಪಿಯೇ ಹೋಯಿತು. ಇದನ್ನು ಒಂದು ಉದಾಹರಣೆಯಿಂದ ನೋಡೋಣ. ನಾನು ಅಂದು ಕಳುಹಿಸಿದ ಪ್ರಕಟಣೆ ಹೀಗೆ ಶುರುವಾಗಿತ್ತು:

"ನಗರದ ಪ್ರತಿಷ್ಠಿತ ನಮ್ಮ ವಿದ್ಯಾಸಂಸ್ಥೆಯ ಆವರಣದಲ್ಲಿ ಪೂಜ್ಯರ ದಿವ್ಯ ಸಾನ್ನಿಧ್ಯದಲ್ಲಿ, ಗಣ್ಯಾತಿಗಣ್ಯರ ಘನ ಉಪಸ್ಥಿತಿಯಲ್ಲಿ, ವಿದ್ಯಾರ್ಥಿಗಳ ಸೃಜನಶೀಲತೆಯನ್ನು ಪೋಷಿಸುವ ಸದುದ್ದೇಶದಿಂದ ಹಮ್ಮಿಕೊಳ್ಳಲಾಗಿದ್ದ ವಿಜ್ಞಾನ ವಸ್ತುಪ್ರದರ್ಶನವನ್ನು ದೀಪ ಬೆಳಗಿಸುವ ಮೂಲಕ ಉದ್ಘಾಟಿಸಲಾಯಿತು."

ಇದನ್ನು ಜೋರಾಗಿ ಓದಿ ನೋಡಿ. ಉಸಿರು ಎರಡು ಸಲ ಕಟ್ಟುತ್ತದೆ, ಕೊನೆಗೆ ತಿಳಿಯುವುದು ಯಾರೋ ದೀಪ ಹಚ್ಚಿದರೆಂಬುದು ಮಾತ್ರ. ಅದೇ ಸುದ್ದಿಯನ್ನು ಈಗ ಬರೆಯುವುದಾದರೆ ನಾನು ಹೀಗೆ ಬರೆಯುತ್ತೇನೆ:

"ಅಡಿಕೆ ತೋಟದ ಮಣ್ಣು ಒಣಗಿದ ಕೂಡಲೇ ತಾನಾಗಿಯೇ ನೀರು ಬಿಡುವ ಯಂತ್ರವೊಂದನ್ನು ದಾವಣಗೆರೆಯ ಎಂಟನೇ ತರಗತಿಯ ಮಕ್ಕಳು ತಯಾರಿಸಿದ್ದಾರೆ. ಹಳೆಯ ಮೋಟಾರು ಮತ್ತು ಎರಡು ಕಬ್ಬಿಣದ ಮೊಳೆಗಳನ್ನು ಬಳಸಿ ಇದನ್ನು ಮಾಡಲಾಗಿದೆ. ಶಾಲೆಯಲ್ಲಿ ನಾಳೆ ಸಂಜೆಯವರೆಗೆ ನಡೆಯುವ ವಿಜ್ಞಾನ ಪ್ರದರ್ಶನದಲ್ಲಿ ರೈತರೂ ಇದನ್ನು ನೋಡಬಹುದು."

ಮೂರು ವಾಕ್ಯ, ಮೂರು ವಿಷಯ. ಗಣ್ಯರ ಪಟ್ಟಿಯನ್ನು ಕೆಳಗೆ ಬೇರೆಯಾಗಿ ಕೊಡಿ, ಬೇಕಾದವರು ಬಳಸಿಕೊಳ್ಳುತ್ತಾರೆ. ನನ್ನ ಕೈಗಡಿಯಾರದ ಲೆಕ್ಕದಲ್ಲಿ ಕನ್ನಡವನ್ನು ವಾರ್ತೆಯ ವೇಗದಲ್ಲಿ ಓದಿದರೆ ನಿಮಿಷಕ್ಕೆ ಸುಮಾರು 100 ಪದ ಬರುತ್ತದೆ, ನಮ್ಮ ಪದಗಳು ಉದ್ದವಾದ್ದರಿಂದ. ಶಾಲೆಯ ಸುದ್ದಿಗೆ ಸಿಗುವುದು ಅರ್ಧ ನಿಮಿಷವೆಂದು ಇಟ್ಟುಕೊಂಡರೆ ನಿಮ್ಮ ಪ್ರಕಟಣೆಯ ಮೊದಲ 50 ಪದಗಳೇ ನಿಮ್ಮ ಇಡೀ ಸುದ್ದಿ.

ಅಂಕಿಗಳನ್ನು ಕಡಿಮೆ ಮಾಡಿ, ಇದ್ದಷ್ಟನ್ನು ಬಾಯಿಗೆ ಬರುವ ಹಾಗೆ ಬರೆಯಿರಿ. "ಶೇ. 87.43" ಕಿವಿಗೆ ನಿಲ್ಲುವುದಿಲ್ಲ, "ಪರೀಕ್ಷೆ ಬರೆದ ನೂರು ಮಕ್ಕಳಲ್ಲಿ ಎಂಬತ್ತೇಳು ಮಕ್ಕಳು" ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕಗಳಲ್ಲಿ ಪಡೆದದ್ದನ್ನು ಹೇಳುವಾಗ ಒಬ್ಬರದೋ ಇಬ್ಬರದೋ ಸಾಕು, ಇಪ್ಪತ್ತು ಮಕ್ಕಳ ಹೆಸರು ಮತ್ತು ಅಂಕದ ಪಟ್ಟಿ ರೇಡಿಯೋದಲ್ಲಿ ಯಾವ ಮಗುವಿಗೂ ನ್ಯಾಯ ಕೊಡುವುದಿಲ್ಲ.

ಹೆಸರುಗಳ ಉಚ್ಚಾರ ಇನ್ನೊಂದು ಸಂಕಟ. ವಾಟ್ಸ್ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಊರಿನ ಹೆಸರು ಕಳುಹಿಸಿದರೆ ಬೆಂಗಳೂರಿನಲ್ಲಿ ಕುಳಿತ ವಾರ್ತಾವಾಚಕರು ಅಣಜಿಯನ್ನು ಅನಜಿ ಮಾಡುತ್ತಾರೆ, ಆನಗೋಡನ್ನು ಅಣಗೋಡು ಮಾಡುತ್ತಾರೆ, ಅದು ಅವರ ತಪ್ಪಲ್ಲ. ಊರು ಮತ್ತು ವ್ಯಕ್ತಿಯ ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ, ಇನಿಷಿಯಲ್‌ಗಳನ್ನೂ ಕನ್ನಡದಲ್ಲೇ ಬಿಡಿಸಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೆಯೇ ಕಳುಹಿಸಬೇಡಿ. ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಅದು ಚೆಂದವಾಗಿ ಕಂಡರೂ ವರದಿಗಾರರ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರಗಳು ಹಾಳಾಗಿವೆಯೇ ಎಂದು ಒಮ್ಮೆ ನೋಡಿ, ಸಂದೇಶದಲ್ಲೇ ಅಂಟಿಸಿ ಕಳುಹಿಸಿ. ಪಿಡಿಎಫ್ ಅಥವಾ ಲೆಟರ್‌ಹೆಡ್ಡಿನ ಫೋಟೊ ಕಳುಹಿಸಿದರೆ ಅವರು ಮತ್ತೆ ಕುಳಿತು ಟೈಪ್ ಮಾಡಬೇಕಾಗುತ್ತದೆ.

ಹಂತ 4: ದನಿಯನ್ನು ಮುದ್ರಿಸಿಕೊಡುವುದು

ಬಾತ್ಮಿದಾರರು ಒಬ್ಬರೇ ಇಡೀ ಜಿಲ್ಲೆಯನ್ನು ನೋಡಿಕೊಳ್ಳುತ್ತಾರೆ. ಮೊಳಕಾಲ್ಮೂರಿನಲ್ಲಿ ಒಂದು ಕಾರ್ಯಕ್ರಮ, ಹೊಸದುರ್ಗದಲ್ಲಿ ಇನ್ನೊಂದು ಇದ್ದರೆ ನಿಮ್ಮ ಶಾಲೆಗೆ ಬರಲು ಅವರಿಂದಾಗುವುದಿಲ್ಲ. ಅಂಥ ದಿನ ನೀವು ಮುದ್ರಿಸಿ ಕಳುಹಿಸಿದ ದನಿ ಪ್ರಸಾರಕ್ಕೆ ಯೋಗ್ಯವಾಗಿದ್ದರೆ ಸುದ್ದಿ ಉಳಿಯುತ್ತದೆ. ಆದರೆ ಮೊದಲು ಕೇಳಿ. ತಾವೇ ಫೋನಿನಲ್ಲಿ ಪ್ರಶ್ನೆ ಕೇಳಿ ಮುದ್ರಿಸಿಕೊಳ್ಳುತ್ತೇವೆ ಎಂದರೆ ಹಾಗೆಯೇ ಆಗಲಿ, ಪ್ರಶ್ನೆ ಕೇಳುವ ಹಕ್ಕು ಅವರದು.

ಜಾಗವನ್ನು ಆರಿಸುವುದರಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಮುಖ್ಯೋಪಾಧ್ಯಾಯರ ಕೊಠಡಿ ನೋಡಲು ಗಂಭೀರವಾಗಿದ್ದರೂ ಬರಿಯ ಗೋಡೆ, ಗಾಜಿನ ಮೇಜು, ಟೈಲ್ಸ್ ನೆಲದಿಂದಾಗಿ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಪುಸ್ತಕದ ಕಪಾಟುಗಳ ನಡುವಿನ ಗ್ರಂಥಾಲಯದ ಮೂಲೆ, ಅಥವಾ ಕ್ರೀಡಾ ಸಾಮಗ್ರಿಯ ಚಾಪೆಗಳನ್ನು ಪೇರಿಸಿಟ್ಟ ಕೊಠಡಿ ಅದಕ್ಕಿಂತ ಎಷ್ಟೋ ವಾಸಿ. ಫ್ಯಾನ್ ನಿಲ್ಲಿಸಿ, ಯುಪಿಎಸ್ ಗುಂಯ್ಗುಡುತ್ತಿದ್ದರೆ ಅಲ್ಲಿಂದ ಎದ್ದು ಹೋಗಿ, ಮುಂದಿನ ಗಂಟೆ ಎಷ್ಟು ಹೊತ್ತಿಗೆ ಹೊಡೆಯುತ್ತದೆಂದು ಜವಾನರನ್ನು ಕೇಳಿಕೊಳ್ಳಿ. ಫೋನನ್ನು ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರವಾಗಿ ಹಿಡಿದರೆ ಪ, ಫ, ಭ ಅಕ್ಷರಗಳಲ್ಲಿ ಉಸಿರು ಬಡಿದು ಪಟ್ ಎನ್ನುತ್ತದೆ. ಮಾತು ಮುಗಿದ ಮೇಲೆ ಯಾರೂ ಮಾತನಾಡದೆ ಕೊಠಡಿಯ ಮೌನವನ್ನೇ ಹತ್ತು ಸೆಕೆಂಡು ಮುದ್ರಿಸಿಡಿ. ಸಂಕಲನ ಮಾಡುವವರಿಗೆ ತುಣುಕು ಜೋಡಿಸುವಾಗ ಅದು ಬೇಕಾಗುತ್ತದೆ, ಕೊಟ್ಟವರನ್ನು ಅವರು ಮರೆಯುವುದಿಲ್ಲ.

ವಾಟ್ಸ್ಆ್ಯಪ್‌ನ ಧ್ವನಿ ಸಂದೇಶದ ಗುಂಡಿ ಒತ್ತಿ ಮಾತನಾಡಿ ಕಳುಹಿಸಿದರೆ ದನಿ ಕುಗ್ಗಿ ಹೋಗುತ್ತದೆ. ಫೋನಿನ ರೆಕಾರ್ಡರ್‌ನಲ್ಲೇ ಮುದ್ರಿಸಿ, ಆ ಕಡತವನ್ನು ಡಾಕ್ಯುಮೆಂಟ್ ಎಂದು ಲಗತ್ತಿಸಿ. ಕಡತಕ್ಕೆ ಮಾತನಾಡಿದವರ ಹೆಸರು, ಹುದ್ದೆ, ಊರು ಇರುವ ಹೆಸರಿಡಿ.

ಮಾತಿನ ಜೊತೆಗೆ ಶಾಲೆಯ ಸದ್ದನ್ನೂ ಕೊಡಬಹುದು. ಬಿಸಿಯೂಟದ ಸಾಲಿನಲ್ಲಿ ತಟ್ಟೆಗಳ ಸದ್ದು, ಕೋಲಾಟದ ಕೋಲು, ಬೆಳಗಿನ ಪ್ರಾರ್ಥನೆ, ಮೇಲೆ ಹೇಳಿದ ಯಂತ್ರದ ಮೋಟಾರು ಹೊರಟು ನೀರು ಚಿಮ್ಮುವ ಸದ್ದು. ಇವುಗಳಲ್ಲಿ ಒಂದನ್ನು ಅರ್ಧ ನಿಮಿಷ ಮುದ್ರಿಸಿ ಕೊಟ್ಟರೆ ವರದಿಗೆ ಜೀವ ಬರುತ್ತದೆ. ಭಾಷಣದ ಚಪ್ಪಾಳೆ ಮಾತ್ರ ಬೇಡ, ಅದು ಎಲ್ಲ ಊರಿನಲ್ಲೂ ಒಂದೇ ತರಹ ಕೇಳುತ್ತದೆ.

ಹಂತ 5: ಮಕ್ಕಳಿಂದ ಮಾತನಾಡಿಸುವಾಗ

ಮಕ್ಕಳಿಗೆ ಉತ್ತರ ಬರೆದುಕೊಟ್ಟು ಉರುಹೊಡೆಸಬೇಡಿ. ಉರುಹೊಡೆದ ಉತ್ತರ ಮೊದಲ ಪದದಲ್ಲೇ ಗೊತ್ತಾಗುತ್ತದೆ, ಮಗು ನಡುವೆ ಮರೆತರೆ ಅಳುತ್ತದೆ. "ಈ ಯಂತ್ರ ಹೆಂಗೆ ಕೆಲಸ ಮಾಡುತ್ತೆ ಅಂತ ನಿಮ್ಮ ಅಜ್ಜಿಗೆ ಹೇಳೋ ಹಂಗೆ ಹೇಳು" ಎಂದು ಬಿಟ್ಟರೆ ಸಾಕು. ನಮ್ಮ ಹುಡುಗಿಯೊಬ್ಬಳು ಮರುವರ್ಷ "ಮಣ್ಣಿಗೆ ಬಾಯಾರಿಕೆ ಆದ್ರೆ ಮೊಳೆಗೆ ಗೊತ್ತಾಗುತ್ತೆ" ಎಂದಳು. ಪ್ರಸಾರವಾದದ್ದು ಆ ಒಂದೇ ವಾಕ್ಯ. ಅಷ್ಟು ಚೆನ್ನಾಗಿ ಬರೆಯುವುದು ನನಗೆ ಸಾಧ್ಯವಿರಲಿಲ್ಲ.

ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ದಾಖಲಾತಿಯ ಸಮಯದಲ್ಲಿ ಸಹಿ ಹಾಕಿಸಿಕೊಂಡ ಸಾಮಾನ್ಯ ಒಪ್ಪಿಗೆ ಪತ್ರವಿದ್ದರೂ, ಮಗುವಿನ ಮನೆಯ ಕಷ್ಟ, ಕಾಯಿಲೆ, ಜಾತಿ, ಅಂಗವೈಕಲ್ಯ ಸುದ್ದಿಯಲ್ಲಿ ಬರುವಂತಿದ್ದರೆ ಆ ಸುದ್ದಿಗೇ ಪ್ರತ್ಯೇಕವಾಗಿ ಕೇಳಬೇಕು. ಸಂದರ್ಶನದ ವೇಳೆ ಒಬ್ಬ ಶಿಕ್ಷಕರು ಪಕ್ಕದಲ್ಲಿರಲಿ, ಆದರೆ ಮಗುವಿನ ಬಾಯಿಂದ ಮಾತು ಕಿತ್ತುಕೊಳ್ಳದಿರಲಿ.

ಕಾನೂನಿನ ಒಂದು ಗೆರೆಯನ್ನು ಪ್ರತಿಯೊಬ್ಬ ಪ್ರಚಾರ ಉಸ್ತುವಾರಿಯೂ ಕಂಠಪಾಠ ಮಾಡಿಕೊಳ್ಳಬೇಕು. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ, ಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಮಾಧ್ಯಮದಲ್ಲಿ ಬಹಿರಂಗಪಡಿಸುವಂತಿಲ್ಲ. ಶಾಲೆಯ ಹೆಸರೂ ಅದರಲ್ಲಿ ಸೇರಿದೆ ಎಂಬುದನ್ನು ಗಮನಿಸಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಕಾನೂನಿನ ಜೊತೆ ಸಂಘರ್ಷಕ್ಕೆ ಒಳಗಾದ ಮಕ್ಕಳಿಗೂ ಇಂಥದೇ ರಕ್ಷಣೆ ಕೊಡುತ್ತದೆ. ವರದಿಗಾರರು ಪರಿಚಯದವರೆಂಬ ಸಲುಗೆಯಲ್ಲಿ "ನಿಮಗೆ ಮಾತ್ರ ಹೇಳ್ತೀನಿ" ಎಂದು ಶುರುಮಾಡುವುದು ಈ ವಿಷಯದಲ್ಲಿ ಅಪಾಯ. ಹೆಸರನ್ನು ನೀವೂ ಹೇಳಬೇಡಿ, ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲೂ ಹಾಕಬೇಡಿ.

ಹಂತ 6: ಕೆಟ್ಟ ಸುದ್ದಿಯ ದಿನ

ಶಾಲಾ ವಾಹನ ಮಗುಚಿದ ದಿನ, ಊಟದ ನಂತರ ಮಕ್ಕಳಿಗೆ ವಾಂತಿಯಾದ ದಿನ, ಬಾಂಬ್ ಇದೆಯೆಂದು ಹುಸಿ ಇಮೇಲ್ ಬಂದ ದಿನ ಶಾಲೆಯವರು ಫೋನ್ ಆಫ್ ಮಾಡುವುದು ನಮ್ಮಲ್ಲಿ ರೂಢಿಯಾಗಿದೆ. ಅಂದು ಪೋಷಕರು ಹೊಲದಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ರೇಡಿಯೋ ಮತ್ತು ಮೊಬೈಲಿಗೆ ಕಿವಿಗೊಟ್ಟು ಕುಳಿತಿರುತ್ತಾರೆ. ಶಾಲೆ ಮಾತನಾಡದಿದ್ದರೆ ಗೇಟಿನ ಮುಂದೆ ನಿಂತ ಯಾರೋ ಮಾತನಾಡುತ್ತಾರೆ, ಅವರ ಲೆಕ್ಕದಲ್ಲಿ ಐದು ಮಕ್ಕಳು ಐವತ್ತಾಗುತ್ತಾರೆ.

ಮೊದಲ ಒಂದು ಗಂಟೆಯೊಳಗೆ ಮುಖ್ಯಸ್ಥರ ದನಿಯಲ್ಲಿ ನಾಲ್ಕು ವಾಕ್ಯಗಳ ಹೇಳಿಕೆ ಹೊರಡಬೇಕು. ಉದಾಹರಣೆಗೆ: "ಇಂದು ಮಧ್ಯಾಹ್ನ ಊಟವಾದ ಮೇಲೆ ನಮ್ಮ ಶಾಲೆಯ ಹನ್ನೊಂದು ಮಕ್ಕಳಿಗೆ ವಾಂತಿಯಾಯಿತು, ಎಲ್ಲರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇವೆ. ಪ್ರತಿಯೊಂದು ಮಗುವಿನ ಜೊತೆ ಒಬ್ಬ ಶಿಕ್ಷಕರಿದ್ದಾರೆ. ಕಾರಣ ಇನ್ನೂ ತಿಳಿದಿಲ್ಲ, ಊಟದ ಮಾದರಿಯನ್ನು ಪರೀಕ್ಷೆಗೆ ಕೊಟ್ಟಿದ್ದೇವೆ. ಪೋಷಕರು ಶಾಲೆಯ ಕಚೇರಿಗೆ ಕರೆ ಮಾಡಬಹುದು, ಸಂಜೆ ಐದು ಗಂಟೆಗೆ ಮತ್ತೆ ಮಾಹಿತಿ ಕೊಡುತ್ತೇವೆ."

ಇದರಲ್ಲಿ ಊಹೆಯಿಲ್ಲ, ಯಾರ ಮೇಲೂ ಹೊರೆಸಿದ ದೂರಿಲ್ಲ, "ಎಲ್ಲವೂ ನಿಯಂತ್ರಣದಲ್ಲಿದೆ" ಎಂಬ ಪೊಳ್ಳು ಭರವಸೆಯೂ ಇಲ್ಲ. ಹೇಳಿದ ಐದು ಗಂಟೆಗೆ ಹೊಸದೇನೂ ತಿಳಿಯದಿದ್ದರೂ ಕರೆ ಮಾಡಿ ಹಾಗೆಂದೇ ಹೇಳಬೇಕು. ಮಕ್ಕಳ ಆರೋಗ್ಯದ ಬಗ್ಗೆ ವೈದ್ಯರು, ಪ್ರಕರಣದ ಬಗ್ಗೆ ಪೊಲೀಸರು ಹೇಳುವುದನ್ನು ಶಾಲೆಯವರು ಮೊದಲೇ ಹೇಳಿ ಮುಗಿಸಬಾರದು. ಗೊತ್ತಿಲ್ಲದ ಪ್ರಶ್ನೆಗೆ "ಗೊತ್ತಿಲ್ಲ, ತಿಳಿದುಕೊಂಡು ಇಷ್ಟು ಹೊತ್ತಿಗೆ ಹೇಳುತ್ತೇನೆ" ಎಂಬುದು ಮರ್ಯಾದೆಯ ಉತ್ತರ. ಮಾತೆಲ್ಲ ಆಡಿ ಮುಗಿಸಿ "ಇದನ್ನು ಹಾಕಬೇಡಿ" ಎನ್ನುವುದಕ್ಕೆ ಬೆಲೆಯಿಲ್ಲ. ಅಂಥ ಒಪ್ಪಂದ ಬಾಯಿ ತೆರೆಯುವ ಮೊದಲೇ ಆಗಿರಬೇಕು.

ಮಳೆಯ ರಜೆಯ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಿಲ್ಲೆಯ ಶಾಲೆಗಳಿಗೆ ರಜೆ ಘೋಷಿಸುವವರು ಜಿಲ್ಲಾಧಿಕಾರಿಗಳು. ಆದೇಶದ ಪ್ರತಿ ಕೈಗೆ ಬರುವ ತನಕ ವರದಿಗಾರರು ಎಷ್ಟು ಕೇಳಿದರೂ "ರಜೆ ಇರಬಹುದು" ಎನ್ನಬೇಡಿ.

ಹಂತ 7: ಪತ್ರಿಕಾಗೋಷ್ಠಿ ಮತ್ತು ಕವರ್

ಗೋಷ್ಠಿಯಲ್ಲಿ ರೇಡಿಯೋದವರ ಮೈಕಿಗೆ ಮೇಜಿನ ನಡುವೆ ಜಾಗ ಕೊಡಿ, ಹೂವಿನ ಕುಂಡವನ್ನು ಕೆಳಗಿಡಿ, ಧ್ವನಿವರ್ಧಕದ ಪೆಟ್ಟಿಗೆಯನ್ನು ಅವರಿಂದ ದೂರವಿಡಿ. ಗೋಷ್ಠಿ ಮುಗಿದ ಮೇಲೆ ಪಕ್ಕದ ಕೊಠಡಿಯಲ್ಲಿ ಎರಡು ನಿಮಿಷ ಪ್ರತ್ಯೇಕವಾಗಿ ಮಾತನಾಡಲು ವಕ್ತಾರರನ್ನು ಉಳಿಸಿಕೊಳ್ಳಿ. ಬೆಣ್ಣೆದೋಸೆ ಕೊಡಿಸಿದರೆ ತಪ್ಪಿಲ್ಲ. ಹಣವಿಟ್ಟ ಕವರ್ ಕೊಡಬೇಡಿ, ಕೇಳಿದರೂ ಕೊಡಬೇಡಿ. ಒಮ್ಮೆ ಕೊಟ್ಟ ಶಾಲೆಯ ಪ್ರತಿಯೊಂದು ಒಳ್ಳೆಯ ಸುದ್ದಿಯೂ ಆಮೇಲೆ ಕೊಂಡ ಸುದ್ದಿಯಂತೆ ಕೇಳಿಸುತ್ತದೆ.

ಹಂತ 8: ಪ್ರಸಾರವಾದ ಮೇಲೆ

ಪ್ರಸಾರದ ವೇಳೆಯನ್ನು ಕೇಳಿ ತಿಳಿದುಕೊಂಡು ಮಗುವಿನ ಮನೆಯವರಿಗೆ ತಿಳಿಸಿ. ರೇಡಿಯೋ ಇಲ್ಲದ ಮನೆಯವರು ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಕೇಳಬಹುದು. ತಪ್ಪು ಪ್ರಸಾರವಾಗಿದ್ದರೆ ಬಾತ್ಮಿದಾರರಿಗೇ ನೇರವಾಗಿ ಕರೆ ಮಾಡಿ, ಯಾವ ವಾರ್ತೆಯಲ್ಲಿ, ಯಾವ ಪದ, ಸರಿಯಾದದ್ದು ಏನು ಎಂಬ ಮೂರನ್ನೇ ಹೇಳಿ. ನಿಲಯದ ಮುಖ್ಯಸ್ಥರಿಗೆ ದೂರು ಬರೆಯುವುದು ಕೊನೆಯ ಮೆಟ್ಟಿಲು. ನಿಮಗೆ ಹಿಡಿಸದ ಸುದ್ದಿ ಮತ್ತು ತಪ್ಪು ಸುದ್ದಿ ಬೇರೆ ಬೇರೆ ಎಂಬುದನ್ನು ಆಡಳಿತ ಮಂಡಳಿಗೆ ತಿಳಿಹೇಳುವ ಕೆಲಸವೂ ನಿಮ್ಮದೇ, ಅದು ಸುಲಭದ್ದಲ್ಲ.

ಕಚೇರಿಯಲ್ಲಿ ಒಂದು ದಪ್ಪ ನೋಟ್‌ಬುಕ್ ಇಟ್ಟು ಯಾರು ಕರೆ ಮಾಡಿದರು, ಏನು ಕೇಳಿದರು, ಯಾರು ಮಾತನಾಡಿದರು, ಯಾವಾಗ ಪ್ರಸಾರವಾಯಿತು ಎಂದು ಬರೆಯುತ್ತಾ ಹೋಗಿ. ಸಂಖ್ಯೆಗಳು ನಿಮ್ಮ ಸ್ವಂತ ಮೊಬೈಲಿನಲ್ಲಿ ಮಾತ್ರ ಇದ್ದರೆ ನಿಮಗೆ ವರ್ಗಾವಣೆಯಾದ ದಿನವೇ ಶಾಲೆ ಆ ಪರಿಚಯವನ್ನೆಲ್ಲ ಕಳೆದುಕೊಳ್ಳುತ್ತದೆ. ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗಲೂ ಆ ವಸ್ತುಪ್ರದರ್ಶನದ ದಿನಾಂಕವಿದೆ, ಪಕ್ಕದಲ್ಲಿ "ಪ್ರಸಾರವಾಗಿಲ್ಲ, ದನಿ ಇರಲಿಲ್ಲ" ಎಂದು ನನ್ನದೇ ಕೈಬರಹವಿದೆ.